ಕಾಡಿಗೆ ಕಿವಿ ಬಂದದ್ದು

"ಈ ಮನೆ ಕಂಪ್ಯೂಟರಿಗೆ ಬಂದ ಯಾವ ಕಾಯಿಲೆಯೂ ನನ್ನ ಕೈ ಮೀರಿ ಹೋಗಿಲ್ಲ, ತಿಳೀತಾ? ನೀನು ನಿಶ್ಚಿಂತೆಯಿಂದ ತಯಾರಾಗು. ನಾನಿದ್ದೀನಲ್ಲ!"

ಹೀಗೆ ಘೋಷಿಸಿ ತೋಳು ಮಡಚಿದವರು ಕಂಪ್ಯೂಟರ್ ಮಾವ. ನೀರು ಸರಬರಾಜು ಕಚೇರಿಯ ಗುಮಾಸ್ತರು. ಬಲಗಿವಿಗೆ ಸದಾ ಒಂದು ಕೆಂಪು ಪೆನ್ಸಿಲ್ಲು, ತಲೆಗೆ ಸದಾ ಒಂದು ಉಣ್ಣೆ ಟೋಪಿ. ಎಂದೋ ಒಮ್ಮೆ ಕಚೇರಿಯ ಪ್ರಿಂಟರು ಹಠ ಹಿಡಿದಾಗ ಸ್ವಿಚ್ಚು ಆರಿಸಿ ಮತ್ತೆ ಹಾಕಿದ್ದರು, ಅದು ಸರಿಹೋಯಿತು. ಅಂದಿನಿಂದ ಬಂಧುಬಳಗವೆಲ್ಲ ಅವರನ್ನು ಕರೆಯುವುದೇ ಹಾಗೆ.

ಅತ್ತೆ ಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತಾರೆ. ಅಂದು ಸಂಜೆ ಶಾಲೆಯಲ್ಲಿ 'ಕಾಡು ಉಳಿಸಿ' ಪ್ರದರ್ಶನ. ಮಕ್ಕಳು ತಿಂಗಳುಗಟ್ಟಲೆ ಕೂತು ಬರೆದ ಚಿತ್ರಗಳನ್ನು ಅತ್ತೆ ಸ್ಕ್ಯಾನ್ ಮಾಡಿ 'ಪ್ರದರ್ಶನ' ಎಂಬ ಫೋಲ್ಡರಿಗೆ ಹಾಕಿದ್ದರು. ಅವು ಮನೆಯ ಕಂಪ್ಯೂಟರಿನಿಂದ ಕ್ಲೌಡಿಗೆ ಏರಬೇಕು, ಅಲ್ಲಿಂದ ಶಾಲೆಯ ದೊಡ್ಡ ಪರದೆಗೆ ಇಳಿಯಬೇಕು. ಏರುತ್ತಿದ್ದರೆ ತಾನೇ! ಬೆಳಗಿನಿಂದ ಕೆಂಪು ಗುರುತು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ.

"ರೀ, ಜಾಗ ತುಂಬಿದೆ ಅಂತ ಬರ್ತಿದೆ. ಅಷ್ಟೊಂದು ಜಾಗ ತಿಂದಿರೋದು ಏನು ಅಂತ ನಾನೇ ನೋಡ್ಲಾ?"

"ಬೇಡ!" ಮಾವ ಕುರ್ಚಿಯಿಂದ ಅರ್ಧ ಎದ್ದೇಬಿಟ್ಟರು. ಆಮೇಲೆ ದನಿ ತಗ್ಗಿಸಿ, "ಅದೆಲ್ಲ ತಾಂತ್ರಿಕ ವಿಷಯ ಕಣೇ. ನಿನಗ್ಯಾಕೆ ಆ ಉಸಾಬರಿ?"

ಜಾಗ ತಿಂದವರು ಯಾರೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಉದುರಿದ ಕೂದಲನ್ನು ವಾಪಸು ಕರೆಸುತ್ತದೆಂಬ ತೈಲವೊಂದನ್ನು ಅವರು ಕದ್ದುಮುಚ್ಚಿ ಹಚ್ಚಿಕೊಳ್ಳುತ್ತಿದ್ದರು. ಫಲ ನೋಡಲು ದಿನವೂ ಬಚ್ಚಲುಮನೆಯ ಚಿಲಕ ಹಾಕಿಕೊಂಡು, ಫೋನನ್ನು ನೆತ್ತಿಯ ಮೇಲೆ ಎತ್ತಿ ಹಿಡಿದು ಫೋಟೋ ತೆಗೆಯುತ್ತಿದ್ದರು. ಕೂದಲು ಬರುವ ಮಾತಿರಲಿ, ಇದ್ದದ್ದೂ ಗಂಟುಮೂಟೆ ಕಟ್ಟುತ್ತಿತ್ತು! ಫೋಟೋಗಳು ಮಾತ್ರ ತಪ್ಪದೆ ಕ್ಲೌಡಿಗೆ ಏರಿ, ಯಾರೂ ತೆರೆದು ನೋಡದ 'ಹಳೆಯ ತೆರಿಗೆ' ಫೋಲ್ಡರಿನಲ್ಲಿ ರಾಶಿ ಬಿದ್ದಿದ್ದವು.

ಅವನ್ನೆಲ್ಲ ಬೇರೆಡೆಗೆ ಸಾಗಹಾಕಿದರೆ ಮಕ್ಕಳ ಚಿತ್ರಗಳಿಗೆ ಜಾಗವಾಯಿತು, ತಮ್ಮ ಮಾನವೂ ಉಳಿಯಿತು! ಮಾವ ಎಲ್ಲವನ್ನೂ ಒಟ್ಟಿಗೆ ಹಿಡಿದು ಮೌಸಿನಿಂದ ಎಳೆದರು. ಪರದೆಯ ನಡುಮಧ್ಯಕ್ಕೆ ಬಂದಿದ್ದರು, ಅಷ್ಟರಲ್ಲಿ ಬೆನ್ನ ಹಿಂದಿನಿಂದಲೇ ಅತ್ತೆಯ ದನಿ: "ಆಯ್ತಾ?"

ಬೆಚ್ಚಿಬಿದ್ದು ಬೆರಳು ಬಿಟ್ಟರು. ತೆರಿಗೆಯ ಫೋಲ್ಡರು ಖಾಲಿ! ಫೋಟೋಗಳು ಎಲ್ಲಿ ಬಿದ್ದವೆಂದು ಹುಡುಕೋಣವೆಂದರೆ ಹೆಂಡತಿ ತಲೆಯ ಮೇಲೇ ನಿಂತಿದ್ದಾಳೆ. ಅಷ್ಟರಲ್ಲಿ ಎಲ್ಲೋ ಒಂದು ಹಸಿರು ಟಿಕ್ಕು ಮಿನುಗಿತು.

"ಆಯ್ತು ಅಂದ್ರೆ ಆಯ್ತು! ಹಸಿರು ಬಂತಲ್ಲ, ಇನ್ನೇನು ಬೇಕು?" ಎಂದವರೇ ಕಂಪ್ಯೂಟರು ಆರಿಸಿಬಿಟ್ಟರು.

ಸಂಜೆ ಸಭಾಂಗಣ ಕಿಕ್ಕಿರಿದಿತ್ತು. ಮುಂದಿನ ಸಾಲಿನಲ್ಲಿ ಮಕ್ಕಳು, ವೇದಿಕೆಯಲ್ಲಿ ಮುಖ್ಯ ಅತಿಥಿಯಾಗಿ ಅರಣ್ಯಾಧಿಕಾರಿ, ಬಾಗಿಲ ಬಳಿ ಹಂಚಲೆಂದು ಜೋಡಿಸಿಟ್ಟ ಸಸಿಗಳು. ದೀಪ ಆರಿತು. ಮುಖ್ಯೋಪಾಧ್ಯಾಯಿನಿ ಗುಂಡಿ ಒತ್ತಿದರು.

ಪರದೆಯ ತುಂಬ ಕಪ್ಪನೆಯ ದಟ್ಟ ಪೊದೆ, ನಡುವೆ ಒಂದು ಬಯಲು. ಮುಂದಿನ ಚಿತ್ರದಲ್ಲಿ ಬಯಲು ಇನ್ನಷ್ಟು ಅಗಲ. ಅದರ ಮುಂದಿನದರಲ್ಲಿ ಮತ್ತಷ್ಟು. ಕೈಜಾರಿದ ಫೋಟೋಗಳು ಬಿದ್ದದ್ದು 'ಪ್ರದರ್ಶನ' ಫೋಲ್ಡರಿಗೇ ಎಂದು ಮಾವನಿಗೆ ಆಗ ಹೊಳೆಯಿತು.

"ಅದ್ಭುತ!" ಅರಣ್ಯಾಧಿಕಾರಿ ಎದ್ದು ನಿಂತರು. "ಆಕಾಶದಿಂದ ತೆಗೆದಿದ್ದಾರೆ! ಒಂದು ಕಾಡು ದಿನದಿನಕ್ಕೆ ಹೇಗೆ ಬರಿದಾಗುತ್ತೆ ಅಂತ ಕಣ್ಣಿಗೆ ಕಟ್ಟೋ ಹಾಗೆ ತೋರಿಸಿದ್ದೀರಿ. ಎಲ್ಲಿದೆ ಮೇಡಂ ಈ ಕಾಡು? ನಾಳೆನೇ ಹೋಗಿ ನೋಡ್ತೀನಿ!"

ಹಿಂದೆ ಯಾರೋ ಮೂಗು ಒರೆಸಿಕೊಂಡರು. ಅಷ್ಟರಲ್ಲಿ ಕೊನೆಯ ಚಿತ್ರ ಬಂತು. ಅಂದು ಮಾವ ಫೋನನ್ನು ತುಸು ದೂರ ಹಿಡಿದಿದ್ದರೆಂದು ಕಾಣುತ್ತದೆ. ಕಾಡಿಗೆ ಎರಡು ಕಿವಿ ಬಂದಿದ್ದವು! ಬಲಗಿವಿಯಲ್ಲಿ ಕೆಂಪು ಪೆನ್ಸಿಲ್ಲು!

ಇಡೀ ಸಭೆ ತಿರುಗಿ ನೋಡಿತು. ಮಾವ ಗಬಕ್ಕನೆ ಪೆನ್ಸಿಲ್ಲು ಕಿತ್ತು ಜೇಬಿಗೆ ತುರುಕಿದರು. ಆ ಅವಸರದಲ್ಲಿ ಟೋಪಿಯೂ ಜಾರಿ ಬಿತ್ತು. ನಗು ಚಾವಣಿ ಮುಟ್ಟಿತು.

ನಗೆಪಾಟಲಾದದ್ದನ್ನು ಹೇಗೋ ನುಂಗಿಕೊಳ್ಳುತ್ತಿದ್ದರೇನೋ. ಆದರೆ ಮುಂದಿನ ಸಾಲಿನಿಂದ ಒಂದು ಪುಟ್ಟ ಹುಡುಗಿ ಅಳುದನಿಯಲ್ಲಿ ಕೇಳಿದಳು: "ಮಿಸ್, ನನ್ನ ಆನೆ ಎಲ್ಲಿ?"

ಆಗ ಮಾವನಿಗೆ ನಿಜವಾಗಿ ನಾಚಿಕೆಯಾಯಿತು. ತನ್ನ ಬೋಳು ಮುಚ್ಚಿಡಲು ಹೋಗಿ ಅಷ್ಟು ಮಕ್ಕಳ ಸಂಜೆಯನ್ನೂ ಹೆಂಡತಿಯ ದುಡಿಮೆಯನ್ನೂ ಹಾಳುಮಾಡಿದೆನಲ್ಲ ಎಂದುಕೊಂಡರು.

ಅತ್ತೆ ಎದ್ದರು. ಬ್ಯಾಗಿನಿಂದ ಒಂದು ಪೆನ್‌ಡ್ರೈವ್ ತೆಗೆದು ಮುಖ್ಯೋಪಾಧ್ಯಾಯಿನಿಯ ಕೈಗಿತ್ತರು. ಮರುಗಳಿಗೆಯಲ್ಲಿ ಪರದೆಯ ಮೇಲೆ ನೇರಳೆ ಬಣ್ಣದ ಆನೆಯೊಂದು ಸೊಂಡಿಲೆತ್ತಿ ನಿಂತಿತು. ಹುಡುಗಿ ಕುರ್ಚಿ ಹತ್ತಿ ಕುಣಿದಳು.

ಪ್ರದರ್ಶನ ಮುಗಿದ ಮೇಲೆ ಮಾವ ಹೆಂಡತಿಯ ಪಕ್ಕ ತಲೆ ತಗ್ಗಿಸಿ ನಿಂತರು. "ತಪ್ಪಾಯ್ತು ಕಣೇ. ಅಲ್ಲ, ಆ ಪೆನ್‌ಡ್ರೈವಿಗೆ ಯಾವಾಗ ಹಾಕ್ಕೊಂಡೆ?"

"ನೀವು 'ನಾನಿದ್ದೀನಲ್ಲ' ಅಂದ್ರಲ್ಲ, ಅದಕ್ಕೆ ಮುಂಚೇನೇ. ಹೇಗೂ ಅಂತೀರ ಅಂತ ಗೊತ್ತಿತ್ತು."

"ಆ ಫೋಟೋ ನೀನು ನೋಡಿಬಿಟ್ರೆ ಅಂತ..."

"ರೀ, ಊಟಕ್ಕೆ ಕೂತಾಗ ದಿನಾ ನಿಂತು ಬಡಿಸೋಳು ನಾನು. ಆ ನೆತ್ತೀನ ಫೋಟೋದಲ್ಲಿ ಬೇರೆ ನೋಡ್ಬೇಕಾ?"

ಮಾವ ಟೋಪಿಯನ್ನು ಕಂಕುಳಲ್ಲಿ ಅವಚಿಕೊಂಡು ಬಾಗಿಲತ್ತ ನಡೆದರು. ಅಲ್ಲಿ ಅರಣ್ಯಾಧಿಕಾರಿ ಹೊರಟವರಿಗೆಲ್ಲ ಒಂದೊಂದು ಸಸಿ ಹಂಚುತ್ತಿದ್ದರು. ಮಾವನ ಸರದಿ ಬಂತು. ಅಧಿಕಾರಿ ಅವರ ನೆತ್ತಿಯನ್ನೊಮ್ಮೆ ದಿಟ್ಟಿಸಿ ನೋಡಿದರು, ನಿಟ್ಟುಸಿರು ಬಿಟ್ಟರು, ಕೈಗೆ ಎರಡು ಸಸಿ ಇಟ್ಟರು.