ಅಲ್ ಬಾಮಾ ಎಲ್ಲಿದೆ?

ಭಾನುವಾರ, ದೋಹಾದಲ್ಲಿ ವಾರದ ಮೊದಲ ಕೆಲಸದ ದಿನ. ಬೆಳಿಗ್ಗೆ 9.10. ಅಲಬಾಮಾ ಇನ್ನೂ ಶಾಲೆ ತಲುಪಿರಲಿಲ್ಲ.

ಅಲಬಾಮಾ ಎಂದರೆ ತನಿಯನ ಮಗಳು ಗ್ರೀಷ್ಮಾ ಹದಿನೈದು ದಿನ ಕೂತು, ಅಪ್ಪನಿಗೂ ತೋರಿಸದೆ ರಟ್ಟಿನಲ್ಲಿ ಮಾಡಿದ ಉಗಿಹಡಗು. ಅಸಲಿ ಹಡಗನ್ನು ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ, ದಕ್ಷಿಣದ ಬಂಡುಕೋರ ರಾಜ್ಯಗಳಿಗಾಗಿ ಬ್ರಿಟನ್ನಿನಲ್ಲಿ ಕಟ್ಟಿದ್ದರು. ಹನ್ನೊಂದಕ್ಕೆ ಶಾಲೆಯ ಹಡಗು ಮಾದರಿ ಸ್ಪರ್ಧೆಗೆ ತೀರ್ಪುಗಾರರು ಬರುವವರಿದ್ದರು. ಶಾಲೆಯ ಬಸ್ಸಿನಲ್ಲಿ ಪೆಟ್ಟಿಗೆ ಹಿಡಿಸಲಿಲ್ಲ. ತನಿಯ ಅದನ್ನು ಅಲ್ ಥುಮಾಮಾದ ತನ್ನ ಕಟ್ಟಡದ ಬಾಗಿಲಲ್ಲಿಟ್ಟು, ಪಿಕಪ್ ಓಡಿಸುವ ಪಕ್ಕದ ಮನೆಯ ಶಾಹುಲ್ ಹಮೀದರಿಗೆ ಫೋನ್ ಮಾಡಿ ಆಫೀಸಿಗೆ ಹೊರಟಿದ್ದ.

"ಬಾಗಿಲಲ್ಲಿ ಪೆಟ್ಟಿಗೆ ಉಂಟು ಹಮೀದಾಕ. ಅಲಬಾಮಾ. ಶಾಲೆಗೆ ಮುಟ್ಟಿಸಿ."

ಹಮೀದರ ಕಿವಿಗೆ ಬಿದ್ದದ್ದು ಅಲ್ ಬಾಮಾ ಶಾಲೆ. ದೋಹಾದಲ್ಲಿ ಇಪ್ಪತ್ತೇಳು ವರ್ಷ ಗಾಡಿ ಓಡಿಸಿದವರು ತಮಗೆ ಗೊತ್ತಿಲ್ಲದ 'ಅಲ್' ಒಂದಿದೆಯೆಂದು ಒಪ್ಪುವುದುಂಟೇ? ಗೆಳೆಯ ಮೊಯ್ದಿನ್‌ನನ್ನು ಕೇಳಿದರು. ಅವನಿಗೂ ಗೊತ್ತಿರಲಿಲ್ಲ, ಆದ್ದರಿಂದ ಅಬು ಹಮೂರ್ ದಾಟಿ ಎಡಕ್ಕೆ ಎಂದು ಖಚಿತವಾಗಿ ಹೇಳಿದ.

10.15ಕ್ಕೆ ಮೀಟಿಂಗಿನ ನಡುವೆ ತನಿಯನಿಗೆ ಫೋನ್ ಬಂತು.

"ತನಿಯಾ, ಅಲ್ ಬಾಮಾಕ್ಕೆ ಯಾವ ರೌಂಡಬೌಟು?"

"ಅದು ಜಾಗ ಅಲ್ಲ ಮಾರಾಯ್ರೆ, ಹಡಗು."

"ಹಡಗು ಪೆಟ್ಟಿಗೆಯಲ್ಲಿ ಉಂಟು. ಶಾಲೆ ಎಲ್ಲಿ ಅಂತ ನಾನು ಕೇಳಿದ್ದು."

ಹೊಟ್ಟೆನೋವೆಂದು ಮ್ಯಾನೇಜರಿಗೆ ಹೇಳಿ ತನಿಯ ಟ್ಯಾಕ್ಸಿ ಹಿಡಿದ. ದಾರಿಯುದ್ದಕ್ಕೂ ಫೋನಿನಲ್ಲೇ ತಿರುವು ಹೇಳುತ್ತಾ ಹಮೀದರನ್ನು ಶಾಲೆಯ ಗೇಟಿಗೆ ಕರೆಸಿಕೊಂಡ. 10.50ಕ್ಕೆ ಪೆಟ್ಟಿಗೆ ತೆರೆದವನ ಮುಖ ಒಣಗಿದ ಖುಬ್ಬೂಸ್ ರೊಟ್ಟಿಯಂತಾಯಿತು. ಹಡಗಿನ ಹಿಂಬದಿಯಲ್ಲಿ ದುಂಡಗೆ ಬರೆದಿತ್ತು: ಎನ್ರಿಕಾ.

"ಇದು ನಮ್ಮದಲ್ಲ. ಕೆಳಮನೆಯ ಸೌದಾಳ ಮಗಳು ನಹ್ಲಾ ಇದೇ ಕ್ಲಾಸು. ಅವಳದ್ದನ್ನು ತಂದಿದ್ದೀರಿ."

"ಬಾಗಿಲಲ್ಲಿ ಇದ್ದದ್ದು ಒಂದೇ ಪೆಟ್ಟಿಗೆ."

"ಅಲ್ ಬಾಮಾ ಹುಡುಕಲಿಕ್ಕೆ ಹೋದವರು ನೀವು. ನಿಮ್ಮ ಮಾತು ನಂಬಬೇಕಾ?"

ಪಾಪ, ಆ ಹುಡುಗಿಗಾದರೂ ತಪ್ಪದಿರಲಿ ಎಂದು ತನಿಯ ಪೆಟ್ಟಿಗೆಯ ಮೇಲೆ 'ನಹ್ಲಾ' ಎಂದು ಬರೆದು, ಸಹಿ ಹಾಕಿ ಗೇಟಿನಲ್ಲಿ ಕೊಟ್ಟ. ಆಮೇಲೆ ಇಬ್ಬರೂ ಅಲ್ ಥುಮಾಮಾಕ್ಕೆ ಓಡಿ, ಮೆಟ್ಟಿಲ ಕೆಳಗೆ, ಲಿಫ್ಟಿನ ಪಕ್ಕ, ಕಸದ ಡಬ್ಬಿಯ ಹಿಂದೆ ಅಲಬಾಮಾವನ್ನು ಹುಡುಕಿದರು. ಸೌದಾಳ ಮನೆಗೆ ಬೀಗ ಹಾಕಿತ್ತು.

ಮಧ್ಯಾಹ್ನ ಗ್ರೀಷ್ಮಾ ಕೆಂಪು ಕಣ್ಣು ಮಾಡಿಕೊಂಡು ಬಂದಳು.

"ಅಪ್ಪಾ, ಬ್ರಿಟನ್ ಆ ಯುದ್ಧದಲ್ಲಿ ನ್ಯೂಟ್ರಲ್. ಯಾರಿಗೂ ಡೌಟ್ ಬರಬಾರದು ಅಂತ ಶಿಪ್‌ಯಾರ್ಡಲ್ಲಿ ಅದರ ಹೆಸರು ಎನ್ರಿಕಾ. ಸಮುದ್ರಕ್ಕೆ ಹೋದ ಮೇಲೆ ಅಲಬಾಮಾ."

ಹಡಗು ತನ್ನದೆಂದು ಅವಳು ಹೇಳಿದ್ದಳು. ಟೀಚರು ಪೆಟ್ಟಿಗೆಯ ಮೇಲಿದ್ದ ಅವಳ ಅಪ್ಪನದೇ ಸಹಿ ತೋರಿಸಿದ್ದರು.

ಜ್ವರ ಬಂದು ಆ ದಿನ ಶಾಲೆಗೇ ಹೋಗಿರದ ನಹ್ಲಾಗೆ ಮೊದಲ ಬಹುಮಾನ ಬಂತು.