ಐದು ನಿಮಿಷದ ಲೆಕ್ಕ, ಹನ್ನೊಂದು ವರ್ಷದ ಕಾಲು

ಹೆಂಡತಿಯ ಹೆರಿಗೆಯನ್ನು ಗಾಬರಿಯಿಲ್ಲದೆ ನಡೆಸಬಲ್ಲ ಗಂಡ ಕಿಸುಮು ಪೇಟೆಯಲ್ಲಿ ಯಾರಾದರೂ ಇದ್ದರೆ ಅದು ನಾನೊಬ್ಬನೇ ಎಂದು ಸ್ಟ್ಯಾಂಡಿನಲ್ಲಿ ತಿಂಗಳುಗಟ್ಟಲೆ ಕೊಚ್ಚಿಕೊಂಡಿದ್ದೆ! ಹನ್ನೊಂದು ವರ್ಷದಿಂದ ಮಟಾಟು, ಅಂದರೆ ಕೈ ತೋರಿಸಿದಲ್ಲಿ ನಿಲ್ಲುವ ಬಾಡಿಗೆ ವ್ಯಾನು, ಓಡಿಸುತ್ತಿದ್ದೇನೆ. ಹದಿನಾಲ್ಕು ಸೀಟಿನ ವ್ಯಾನಿಗೆ ಇಪ್ಪತ್ತು ಜನರನ್ನು ಹತ್ತಿಸುವವನಿಗೆ ಒಂದು ಮಗುವನ್ನು ಇಳಿಸುವುದು ಯಾವ ಮಹಾ ಕೆಲಸ?

ಅದರ ಮೇಲೆ, ಕ್ಲಿನಿಕ್ಕಿನ ನರ್ಸಮ್ಮ ಗಂಡಂದಿರಿಗೂ ಪಾಠ ಮಾಡಿದ್ದರು. ನೋವು ಐದು ನಿಮಿಷಕ್ಕೊಮ್ಮೆ, ಒಂದೊಂದೂ ಒಂದು ನಿಮಿಷ, ಹೀಗೇ ಒಂದು ಗಂಟೆ ಬಂದರೆ ಹೊರಡಿ. ಅದಕ್ಕೂ ಮೊದಲಾದರೆ ನೀರು ಕುಡಿದು, ನಡೆದಾಡಿ, ಎಡಮಗ್ಗುಲಿಗೆ ಮಲಗಿ ನೋಡಿ. ಸುಳ್ಳು ನೋವಾದರೆ ತಾನಾಗಿ ಇಳಿಯುತ್ತದೆ. ಇಷ್ಟಾಗುವಷ್ಟರಲ್ಲಿ ಗೇಟಿಗೆ ಅಡ್ಡ ನಿಂತ ನನ್ನ ಗಾಡಿ ತೆಗೆಯಲು ಕಾವಲುಗಾರ ಕೂಗಿದ. ಉಳಿದರ್ಧ ಪಾಠ ತಪ್ಪಿತು. ಅದರಲ್ಲೇನಿದ್ದೀತು ಎಂದು ಬಿಟ್ಟೆ.

ಆ ಭಾನುವಾರ ಬೆಳಿಗ್ಗೆ ಪಾತ್ರೆ ತೊಳೆಯುತ್ತಿದ್ದ ನನ್ನ ಹೆಂಡತಿ ಅವಿನೊ ಸೊಂಟ ಹಿಡಿದುಕೊಂಡಳು. ನಾನು ಗಡಿಯಾರ ಹಿಡಿದುಕೊಂಡೆ.

"ಎಂಟು ನಿಮಿಷ. ಇನ್ನೂ ಟೈಮಿದೆ, ನೀರು ಕುಡಿ," ಎಂದೆ, ಅವಳು ಎರಡನೇ ಸಲ ಸೊಂಟ ಹಿಡಿದಾಗ.

"ಒಗೊಲಾ, ಹೊಟ್ಟೆ ನೀರು ಒಡೀತು ಕಣೋ."

"ನೆಲ ಆಮೇಲೆ ಒರೆಸೋಣ ಬಿಡು. ಐದು ನಿಮಿಷಕ್ಕೆ ಇಳೀಲಿ."

"ನಿನ್ನ ಮಗು ವಾಚ್ ಕಟ್ಕೊಂಡು ಬರ್ತಿದೆಯಾ? ಗಾಡಿ ತೆಗಿ."

ಆ ದನಿಗೆ ಎದುರಾಡುವ ಗಂಡಸು ನಾನಲ್ಲ. ಅವಳನ್ನು ನನ್ನ ಬೆನ್ನ ಹಿಂದಿನ ಉದ್ದ ಸೀಟಿನಲ್ಲಿ ಮಲಗಿಸಿ ಹೊರಟೆ. ಕಂಡಕ್ಟರ್ ಚರ್ಚಿಗೆ ಹೋಗಿದ್ದ. ದಾರಿಗೆ ಸಿಗುವ ಕಿಬುಯೆ ಸಂತೆಯಲ್ಲಿ ಕಾಲಿಡಲು ಜಾಗವಿರಲಿಲ್ಲ.

ರಸ್ತೆ ಪಕ್ಕದಲ್ಲಿ ಒಂದು ಕೈ ಮೇಲೆದ್ದಿತು. ದೇವರಾಣೆ, ಬ್ರೇಕ್ ಒತ್ತಿದ್ದು ನಾನಲ್ಲ, ಹನ್ನೊಂದು ವರ್ಷದಿಂದ ಪಳಗಿದ ನನ್ನ ಕಾಲು. ಮೀನಿನ ಬುಟ್ಟಿ ಹೊತ್ತವಳೊಬ್ಬಳು ಹತ್ತಿದಳು. ಅವಳನ್ನು ಇಳಿಸುವ ಮೊದಲೇ ಇನ್ನೊಂದು ಕೈ ಎದ್ದಿತು. ಕಾಲು ಮತ್ತೆ ತನ್ನ ಕೆಲಸ ಮಾಡಿತು. ಕೋಲೂರಿಕೊಂಡು ಒಬ್ಬ ಅಜ್ಜಿ ಬಂದಳು. ಬಾಯಿ ಸುಮ್ಮನಿರಬಾರದೇ? "ಹಿಂದೆ ಸರೀರಿ, ಹಿಂದೆ ಸರೀರಿ," ಎಂದುಬಿಟ್ಟಿತು.

"ಹಿಂದೆ ಎಲ್ಲಿಗೋ ಸರಿಯೋದು? ಇಲ್ಲಿ ನಿನ್ನ ಹೆಂಡ್ತಿ ಸಾಯ್ತಿದಾಳೆ," ಎಂದಳು ಅವಿನೊ.

ಅಜ್ಜಿ ಅವಳನ್ನು ನೋಡಿದಳು, ಆಮೇಲೆ ನನ್ನನ್ನು. "ನೋವು ಎಷ್ಟು ಹೊತ್ತಿಗೊಂದ್ಸಲ?"

"ಎಂಟು ನಿಮಿಷ ಅಜ್ಜಿ. ಐದಾಗ್ಲಿ ಅಂತ ನೋಡ್ತಿದೀನಿ."

"ನೀರು ಒಡೆದಿದ್ಯಾ?"

"ಮನೇಲೇ ಒಡೀತು."

"ಒಡೆದ ಮೇಲೆ ಎಂಥ ಲೆಕ್ಕನೋ, ಕತ್ತೆ? ನೀರು ಹೋದ್ರೆ, ರಕ್ತ ಕಂಡ್ರೆ, ಮಗು ಒದೆಯೋದು ಕಡ್ಮೆ ಆದ್ರೆ ವಾಚ್ ಬಿಸಾಕಿ ಓಡ್ಬೇಕು. ಕ್ಲಿನಿಕ್ಕಲ್ಲಿ ಹೇಳ್ಲಿಲ್ವಾ?"

ಹೇಳಿದ್ದರು, ನಾನು ಗಾಡಿ ತೆಗೆಯುತ್ತಿದ್ದಾಗ. ಈ ಸಂತೆಯ ನಡುವೆ ಅವಿನೊಗೆ, ಮಗುವಿಗೆ ಏನಾದರೂ ಆದರೆ? ತಿಂಗಳುಗಟ್ಟಲೆ ಇಲ್ಲವೆಂದು ಸಾರಿದ್ದ ಗಾಬರಿ ಒಂದೇ ಸಲಕ್ಕೆ ಬಂತು.

ಅಲ್ಲಿಂದ ಮುಂದೆ ಗಾಡಿ ನನ್ನ ಹಿಡಿತದಲ್ಲಿರಲಿಲ್ಲ. ಮೀನಿನವಳು ಬಾಗಿಲಲ್ಲಿ ನಿಂತು ತಗಡು ಬಡಿದು ದಾರಿ ಬಿಡಿಸಿದಳು. ಕೈ ಎತ್ತಿದವರನ್ನೆಲ್ಲ "ಸೀಟಿಲ್ಲ" ಎಂದು ಗದರಿದಳು. ಅಜ್ಜಿ ಒಂದು ಕೈಯಲ್ಲಿ ಅವಿನೊಳ ಸೊಂಟ ಉಜ್ಜುತ್ತಾ, ಇನ್ನೊಂದು ಕೈಯಲ್ಲಿದ್ದ ಕೋಲಿನಿಂದ ನನ್ನ ಹೆಗಲು ತಿವಿಯುತ್ತಾ ಬಂದಳು.

ಆಸ್ಪತ್ರೆಯಲ್ಲಿ ನರ್ಸ್ ಕೇಳಿದರು, "ಜೊತೆಗೆ ಬಂದೋರು ಯಾರು?"

ಅವಿನೊ ಆ ಇಬ್ಬರು ಹೆಂಗಸರನ್ನು ತೋರಿಸಿದಳು.

"ಇವರು?"

"ಡ್ರೈವರ್," ಎಂದಳು. ಬಾಗಿಲು ಮುಚ್ಚಿತು.

ಮುಕ್ಕಾಲು ಗಂಟೆಯಾದ ಮೇಲೆ ಮೀನಿನವಳು ಹೊರಗೆ ಬಂದಳು. "ಹೆಣ್ಣು ಮಗು. ಇಬ್ರೂ ಚೆನ್ನಾಗಿದಾರೆ."

ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತು ನಾಚಿಕೆಯಿಲ್ಲದೆ ಅತ್ತುಬಿಟ್ಟೆ. ಅವಳು ಪಾಪ, ಅಳು ನಿಲ್ಲುವವರೆಗೂ ಕಾದಳು.

"ನಿನ್ ಹೆಂಡ್ತಿ ಒಂದು ಮಾತು ಹೇಳ್ಕಳ್ಸಿದಾಳಣ್ಣ. ಮನೆಗೆ ಹೋಗೋಕೆ ಒಂದು ಗಾಡಿ ಗೊತ್ತು ಮಾಡ್ಬೇಕಂತೆ. ದಾರೀಲಿ ಎಲ್ಲೂ ನಿಲ್ಲಿಸ್ದೇ ಇರೋ ಡ್ರೈವರ್ ಯಾರಾದ್ರೂ ನಿಂಗೆ ಗೊತ್ತಾ ಅಂತ ಕೇಳಿದ್ಲು."