ನೀರುನಾಯಿಗೊಂದು ಪಾಯಖಾನೆ

ನನಗಾಗ ಅರವತ್ತೆರಡು, ಈಗ್ಗೆ ಐದು ವರ್ಷದ ಹಿಂದಿನ ಮಾತು. ನೀರುನಾಯಿ ಕೂರುವ ಜಾಗಕ್ಕೆ ತಗಡಿನ ಮಾಡು ಹೊದೆಸಿ, ಮನುಷ್ಯರನ್ನು ಕೇದಗೆ ಮೆಳೆಗೆ ಓಡಿಸಿದ ಮಾಸ್ತರನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಅವರಿಗೆ ಅನ್ನ ಬೇಯಿಸಿ ಹಾಕಿದವಳೇ ನಾನು!

ಕುಮಟೆಯ ಈಚೆ, ಹೊಳೆ ಸಮುದ್ರ ಸೇರುವ ಕಡೆ ಯೂನಿವರ್ಸಿಟಿಯದೊಂದು ಹಳೇ ಹಂಚಿನ ಮನೆ ಇದೆ. ಪ್ರಾಣಿ, ಪಕ್ಷಿ ಅಂತ ಓದುವ ಮಕ್ಕಳು ಬಂದು ತಿಂಗಳುಗಟ್ಟಲೆ ಉಳಿಯುತ್ತಾರೆ. ಅಡುಗೆ ನನ್ನದು, ಯಜಮಾನಿಕೆ ಘಟ್ಟದ ಮೇಲಿನ ಆ ಮಾಸ್ತರದು. ಅವರ ಓದು ಯಾವುದರದೆಂದು ತಿಳಿದಿರಿ? ನೀರುನಾಯಿಯ ಹೇಲಿನದು! ಅದನ್ನು ಒಣಗಿಸಿ, ಅದರಲ್ಲಿ ಏಡಿಯ ಚಿಪ್ಪೆಷ್ಟು, ಮೀನಿನ ಮುಳ್ಳೆಷ್ಟು ಎಂದು ಹೆಕ್ಕಿ ನೋಡುವುದು. ಇದಕ್ಕೆ ಸಂಬಳ ಬೇರೆ. ಎರಡನೇ ಇಯತ್ತೆಗೇ ಶಾಲೆ ಬಿಟ್ಟದ್ದಕ್ಕೆ ನನಗೇನೂ ಬೇಜಾರಿಲ್ಲ.

ನೀರುನಾಯಿಗೆ ಒಂದು ಶಿಸ್ತು ಉಂಟು. ಕಂಡಕಂಡಲ್ಲಿ ಕೂರುವುದಿಲ್ಲ, ಹೊಳೆಯೆಲ್ಲ ಸುತ್ತಿ ಬಂದು ಒಂದೇ ಜಾಗದಲ್ಲಿ ಕೂರುತ್ತದೆ. ಮನೆಯ ಹಿಂದಿನ ಕಲ್ಲುದಿಬ್ಬ ಅವುಗಳ ಜಾಗ. ಮಾಲು ಮಳೆಗೆ ತೊಳೆದು ಹೋಗಬಾರದೆಂದು ಮಾಸ್ತರು ಅಲ್ಲಿ ಕಂಬ ನೆಟ್ಟು ತಗಡು ಹೊದೆಸಿದರು. ಮನೆಗೆ ಮಾತ್ರ ಪಾಯಖಾನೆಯೇ ಇಲ್ಲ; ಅದೇ ಮಳೆಯಲ್ಲಿ ನಾವು ಕೊಡೆ ಹಿಡಿದು ಮೆಳೆ ಹುಡುಕುತ್ತಿದ್ದೆವು!

ಯೂನಿವರ್ಸಿಟಿಯವರು ಸುಧಾರಣೆಯೆಂದು ಒಂದು ಫ್ರಿಜ್ಜು ಕಳಿಸಿದರು. ಬಂಗಡೆ ಇಡೋಣವೆಂದು ತೆರೆದರೆ ಡಬ್ಬಿಗಟ್ಟಲೆ ಅದೇ ಮಾಲು.

"ಮಾಸ್ತರ್ರೇ, ಮೀನು ಎಲ್ಲಿಡೂದು?"

"ಅಕ್ಕಾರ, ಮೀನ ಅದರಾಗೇ ಅದಾವಲ್ರೀ!"

ಮುಂದಿನ ಮಳೆಗಾಲ ಹತ್ತಿರ ಬರುವಾಗ ನಾನು ಮೆಳೆಯಲ್ಲಿ ಜಾರಿಬಿದ್ದು ಮಂಡಿ ಬಾತುಕೊಂಡಿತು. ಅದನ್ನು ಕಂಡು, ಓದಲು ಬಂದ ಹುಡುಗಿಯರಿಬ್ಬರೂ ಊರಿಗೆ ಹೊರಡಲು ಚೀಲ ಕಟ್ಟಿದರು. ನಾನೂ ಹೇಳಿಬಿಟ್ಟೆ: "ಮಳೆ ಹಿಡಿಯೂದ್ರೊಳಗೆ ಪಾಯಖಾನೆ ಆಗದಿದ್ರೆ ನಾ ಬರೂದಿಲ್ಲ. ನಿಮ್ಮ ನೀರುನಾಯಿ ಹತ್ರನೇ ಅನ್ನ ಮಾಡ್ಸ್ಕಳಿ!"

ಮಾಸ್ತರು ಕರೆಸಿದ ಗೌಂಡಿ ಬಂದು ನೋಡಿದ. ತಗ್ಗಿನಲ್ಲಿ ಹೊಂಡ ತೋಡಿದರೆ ಉಬ್ಬರದ ಉಪ್ಪುನೀರು ತುಂಬುತ್ತದೆ. ಎತ್ತರದ ಜಾಗ ಎರಡೇ: ನೀರುನಾಯಿಯ ದಿಬ್ಬ, ಇಲ್ಲವೇ ಮನೆ ನಿಂತ ನೆಲ.

"ನೀರುನಾಯಿ ಬೇರೆ ಕಡೆ ಹೋಗ್ತದೆ, ಬಿಡಿ," ಎಂದ ಗೌಂಡಿ.

"ಅವು ತಲಿತಲಾಂತರದಿಂದ ಬರ್ತಾವು. ಎಬ್ಬಿಸಾಕ ನಾವ್ಯಾರು?" ಎಂದರು ಮಾಸ್ತರು.

"ಹಂಗಾರೆ ನಾವು ಎಲ್ಲಿ ಹೋಗಿ ಸಾಯೂದು?" ಎಂದೆ ನಾನು.

ಮಾಸ್ತರು ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಸೊಕ್ಕು ನೋಡು ಅಂದುಕೊಂಡೆ. ತುಸು ಹೊತ್ತಿಗೆ ಹಾಸಿಗೆ, ಪುಸ್ತಕ, ಲುಂಗಿ ಎಲ್ಲ ಅವಚಿಕೊಂಡು ಹೊರಗೆ ಬಂದು ಗೌಂಡಿಗೆ ಹೇಳಿದರು: "ಇಲ್ಲೇ ತೋಡ್ರಿ."

ಮನೆಯ ಕೊನೆಯ ಆ ಕೋಣೆ ಅರ್ಧ ಹೊಂಡವಾಯಿತು, ಅರ್ಧ ಪಾಯಖಾನೆಯಾಯಿತು. ಹುಡುಗಿಯರು ಕಟ್ಟಿದ ಚೀಲ ಬಿಚ್ಚಿದರು; ಮಾಸ್ತರ ವಾಸ ಜಗಲಿಯ ಬೆಂಚಿನ ಮೇಲೆ. ಬೆಂಚು ಗಿಡ್ಡ; ಹೊರಗೆ ಉಳಿದ ಕಾಲು ಸೊಳ್ಳೆಗಳಿಗೆ ಊಟದ ಪಂಕ್ತಿ!

ಕೆಲಸ ಮುಗಿದ ಸಂಜೆ ನನ್ನನ್ನು ಕರೆದು ತೋರಿಸಿದರು. ಬಿಳಿ ಟೈಲ್ಸು. ಒಳಗಿನಿಂದ ಚಿಲಕ. ಗೋಡೆಗೆ ಅಡ್ಡವಾಗಿ, ಸೊಂಟದೆತ್ತರಕ್ಕೆ, ಒಂದು ಕಬ್ಬಿಣದ ಪೈಪು.

"ಇದೆಂತಕೆ? ಇಲ್ಲೂ ಎಂತಾದ್ರೂ ಒಣಗಿಸೂಕಾ?"

"ಹಿಡಕೊಂಡು ಏಳಾಕ್ರೀ. ನಿಮ್ಮ ಮಣಕಾಲ ನೋಯ್ತೈತಲ್ಲ. ನಾಳೆ ಮೊದಲ ನೀವ ಹೋಗ್ರಿ, ಉಳಿದವ್ರು ಆಮ್ಯಾಲ."

ಪೈಪನ್ನು ಹಿಡಿದು ಒಮ್ಮೆ ಜಗ್ಗಿ ನೋಡಿದೆ. "ಆತು," ಎಂದೆ.

ಮಾರನೇ ದಿನ ಬೆಳಿಗ್ಗೆ ಒಲೆಗೂ ಬೆಂಕಿ ಹಾಕದೆ ನೇರ ಹೋಗಿ, ಚಿಲಕ ಜಡಿದು, ಪೈಪು ಹಿಡಿದು ಕೂತೆ. ಹೊರಗೆ ಹುಡುಗಿಯರು "ಅಮ್ಮಾ, ಆಯ್ತಾ?" ಎಂದು ಬಾಗಿಲು ಬಡಿದರು. ಬಡಿಯಲಿ ಎಂದು ಇನ್ನಷ್ಟು ಹೊತ್ತು ಕೂತೇ ಇದ್ದೆ.